ಹರಕೆಯಿಲ್ಲದ ಓಟ

ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲಿಗೆ ಒಂದು ಪದಕ ನೇತುಹಾಕಿದ್ದೇನೆ. ಸಾಸಿವೆ ಡಬ್ಬಿ ತೆಗೆಯಲು ಬಾಗಿಲು ಎಳೆದಾಗಲೆಲ್ಲ ಅದು ಟಣ್ ಎನ್ನುತ್ತದೆ. ಹಿತ್ತಾಳೆ ಬಣ್ಣದ್ದು, ಅಂಗೈಯಗಲ, ಮೇಲೆ ನೀಲಿ ಪಟ್ಟಿ. 'ಇಪ್ಪತ್ತೊಂದು ಕಿಲೋಮೀಟರ್ ಓಟ ಪೂರೈಸಿದವರು' ಎಂದು ಉಬ್ಬಿದ ಅಕ್ಷರಗಳಲ್ಲಿದೆ. ಮನೆಗೆ ಬಂದವರು ಅದನ್ನು ಓದಿ, ನನ್ನನ್ನು ಒಮ್ಮೆ ಮೇಲಿಂದ ಕೆಳಕ್ಕೆ ನೋಡಿ, "ನೀವಾ?" ಎನ್ನುತ್ತಾರೆ. ಅವರ ಅನುಮಾನ ನ್ಯಾಯವಾದದ್ದೇ. ಆ ಓಟವನ್ನು ನಾನು ಓಡಿಲ್ಲ. ನಾನೊಬ್ಬಳೇ ಅಲ್ಲ, ಯಾರೂ ಓಡಿಲ್ಲ. ಓಟ ನಡೆಯಲೇ ಇಲ್ಲ, ಪದಕ ಮಾತ್ರ ಕೊರಿಯರ್‌ನಲ್ಲಿ ಬಂತು.

ಓಡದೆ ಪದಕ ಬಂದರೆ ಲಾಭವೇ ಆಯಿತಲ್ಲ ಎನ್ನುತ್ತೀರೇನೋ. ನಮ್ಮ ಯಜಮಾನರೂ ಹಾಗೇ ಅಂದಿದ್ದರು. ಆದರೆ ಎಂಟು ತಿಂಗಳು ಬೆಳಗಿನ ಐದೂವರೆಗೆ ಎದ್ದು, ನಾಯಿಗಳಿಂದ ಅಟ್ಟಿಸಿಕೊಂಡು, ಕಾಲಿನ ಎರಡು ಉಗುರು ಕಳೆದುಕೊಂಡವಳಿಗೆ ಆ ಪದಕ ಕಂಡರೆ ಏನನ್ನಿಸುತ್ತದೆಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ನಾನು ನಂಜನಗೂಡಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು. ವಯಸ್ಸು ಐವತ್ತೊಂದು, ತೂಕ ಕೇಳಬೇಡಿ. ಬಿಪಿ ಜಾಸ್ತಿಯಿದೆ, ದಿನಾ ನಡೆಯಿರಿ ಅಂದರು ಡಾಕ್ಟರು. ಸರಿ, ಶಾಲೆಯ ಮೈದಾನದಲ್ಲಿ ಸುತ್ತು ಹಾಕತೊಡಗಿದೆ. ಅಲ್ಲಿ ನಮ್ಮ ಬೀದಿಯ ಇಬ್ಬರು ಹೆಂಗಸರು ಜೊತೆಯಾದರು. ಅವರ ಸೊಸೆಯಂದಿರ ಕಥೆ ಕೇಳಿ ಕೇಳಿ ಬಿಪಿ ಇಳಿಯುವ ಬದಲು ಏರತೊಡಗಿತು. ಅವರಿಂದ ತಪ್ಪಿಸಿಕೊಳ್ಳಲು ಒಂದು ದಿನ ಅರ್ಧ ಸುತ್ತು ಓಡಿದೆ. ಮರುದಿನ ಒಂದು ಸುತ್ತು. ನನ್ನ ಕ್ರೀಡಾಜೀವನ ಶುರುವಾದದ್ದು ಹೀಗೆ, ಚಾಡಿಮಾತಿಗೆ ಹೆದರಿ.

ಅಲ್ಲಿಯವರೆಗೆ ನಾನು ಓಡಿದವಳೇ ಅಲ್ಲ. ಬೆಳೆದದ್ದು ಬಿಳಿಗೆರೆಯಲ್ಲಿ. ನಮ್ಮಜ್ಜಿಯ ಪ್ರಕಾರ ಹೆಣ್ಣುಮಕ್ಕಳು ಓಡಬಹುದಾದ ಸಂದರ್ಭಗಳು ಎರಡೇ: ಒಲೆಯ ಮೇಲೆ ಹಾಲು ಉಕ್ಕಿದಾಗ, ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳಕ್ಕೆ ಮಳೆ ಹನಿ ಬಿದ್ದಾಗ. ಹೈಸ್ಕೂಲಿಗೆ ನಂಜನಗೂಡಿಗೆ ಬರುವಂತಾದ ಮೇಲೆ ನಾನೇ ಮೂರನೆಯದೊಂದನ್ನು ಸೇರಿಸಿಕೊಂಡೆ: ಬಸ್ಸು ಹೊರಟಾಗ. ಆ ಬಸ್ಸಿನ ಡ್ರೈವರು ವಿಚಿತ್ರ ಆಸಾಮಿ. ಕನ್ನಡಿಯಲ್ಲಿ ನನ್ನನ್ನು ನೋಡಿ ಬಸ್ಸು ನಿಧಾನ ಮಾಡುತ್ತಿದ್ದ, ನಿಲ್ಲಿಸುತ್ತಿರಲಿಲ್ಲ. ಎರಡು ಜಡೆ, ಟಿಫನ್ ಡಬ್ಬಿ, ಜಾಮಿಟ್ರಿ ಬಾಕ್ಸು ಎಲ್ಲ ಸದ್ದು ಮಾಡಿಕೊಂಡು ಓಡಿ ಹತ್ತಿದ ಮೇಲೆ, "ಇವತ್ತು ನೆನ್ನೆಗಿಂತ ವಾಸಿ ಕಣಮ್ಮಿ" ಎಂದು ಸರ್ಟಿಫಿಕೇಟ್ ಕೊಡುತ್ತಿದ್ದ. ನನಗೆ ಸಿಕ್ಕಿದ ಕೋಚ್ ಅವನೊಬ್ಬನೇ. ಶಾಲೆಯ ಕ್ರೀಡಾದಿನದಲ್ಲಿ ಹುಡುಗಿಯರಿಗೆಂದು ಇಟ್ಟಿರುತ್ತಿದ್ದುದು ಚಮಚದಲ್ಲಿ ನಿಂಬೆಹಣ್ಣು ಮತ್ತು ಮ್ಯೂಸಿಕಲ್ ಚೇರ್. ಎದೆಗೆ ನಂಬರಿನ ಚೀಟಿ ಚುಚ್ಚಿಕೊಂಡು ಗೆರೆಯ ಮೇಲೆ ನಿಲ್ಲುವುದು ಹುಡುಗರ ಕೆಲಸ. ಅದನ್ನು ನೋಡುತ್ತ ಕೂತು ಚಪ್ಪಾಳೆ ತಟ್ಟಿದ್ದೇನೆ, ಹೊಟ್ಟೆಕಿಚ್ಚೂ ಪಟ್ಟಿದ್ದೇನೆ.

ಆದ್ದರಿಂದ ನರಸೀಪುರದ ಯುವಕರ ಗುಂಪೊಂದು ಇಪ್ಪತ್ತೊಂದು ಕಿಲೋಮೀಟರ್ ಓಟ ಏರ್ಪಡಿಸಿದೆ, ಯಾವ ವಯಸ್ಸಿನವರೂ ಬರಬಹುದು ಎಂಬ ಸುದ್ದಿ ಮೊಬೈಲಿಗೆ ಬಂದಾಗ ಕೈ ತಾನಾಗಿಯೇ ಹೆಸರು ತುಂಬಿಬಿಟ್ಟಿತು. ಒಂದು ಸಲ, ಒಂದೇ ಒಂದು ಸಲ, ಆ ಗೆರೆಯ ಮೇಲೆ ನಿಲ್ಲಬೇಕು, ಕೊನೆಯವಳಾಗಿಯಾದರೂ ಸರಿ ಆ ತುದಿಯ ಗೆರೆ ದಾಟಬೇಕು. ಇಷ್ಟೇ ಆಸೆ. ನಗಬೇಡಿ.

ಮೈದಾನ ಸಾಲದಾಯಿತು. ನರಸೀಪುರದ ರಸ್ತೆ ಹಿಡಿದೆ. ನಮ್ಮ ಕಡೆ ಮಧ್ಯವಯಸ್ಸಿನ ಹೆಂಗಸೊಬ್ಬಳು ಬೆಳಗಾಗೆದ್ದು ರಸ್ತೆಯಲ್ಲಿ ಓಡುತ್ತಿದ್ದಾಳೆಂದರೆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಬೈಕಿನವರು ನಿಲ್ಲಿಸಿ, "ಅತ್ತಿ ಮೇಡಂ, ಆಸ್ಪತ್ರೆತಾವ ಬುಡ್ತೀನಿ" ಎನ್ನುತ್ತಿದ್ದರು. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಆಟೋ ಅಡ್ಡ ತಂದು, "ಯಾರ್ಗೆ ಉಷಾರಿಲ್ಲ ಮಿಸ್?" ಎಂದು ಗಾಬರಿಯಾದರು. ಯಾರಿಗೂ ಏನೂ ಆಗಿಲ್ಲ, ಸುಮ್ಮನೆ ಓಡುತ್ತಿದ್ದೇನೆ ಅಂದದ್ದಕ್ಕೆ ಅವರು ಇನ್ನೂ ಗಾಬರಿಯಾದರು.

ಊರಿಂದ ಐದಾರು ಕಿಲೋಮೀಟರ್ ದಾಟಿದರೆ ಹೊಂಗೆ ಮರದ ಕೆಳಗೆ ಒಂದು ಗೂಡಂಗಡಿ. ಟೀ, ಮಜ್ಜಿಗೆ, ರಸಬಾಳೆ ಎಂದು ಹೇಳಿ ಮಾರುವ ಬೇರೆ ಯಾವುದೋ ಬಾಳೆಹಣ್ಣು. ಅಂಗಡಿಯೊಡತಿ ಪುಟ್ಟತಾಯಮ್ಮ. ಅರವತ್ತರ ಮೇಲಿನ ಹೆಂಗಸು, ಎರಡೂ ಮಂಡಿ ಕೈಕೊಟ್ಟಿವೆ, ಬಾಯಿ ಮಾತ್ರ ಗಟ್ಟಿ. ಮೂರು ದಿನ ನನ್ನನ್ನು ಕಣ್ಣಲ್ಲೇ ಅಳೆದವರು ನಾಲ್ಕನೇ ದಿನ ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ನಿಂತ್ಕಳವ್ವ, ಒಸಿ ಮಜ್ಗೆ ಕುಡ್ದು ಓಗು."

ಇಂಗು ಕರಿಬೇವು ಹಾಕಿದ ತಣ್ಣನೆಯ ಮಜ್ಜಿಗೆ. ಅರ್ಧ ಲೋಟ ಇಳಿಯುವಷ್ಟರಲ್ಲಿ ಕಾಸಿಗೆಂದು ಸೊಂಟದ ಪರ್ಸಿಗೆ ಕೈ ಹಾಕಿದೆ.

"ಬುಡು ಬುಡು! ಅರಕೆ ಒತ್ತೋರ ತಾವ ಕಾಸು ಈಸ್ಕಂಡ್ರೆ ನಂಜುಂಡಪ್ಪ ಮೆಚ್ಚಾನಾ? ಈಗಿನ್ ಕಾಲದವ್ರು ನಡಿಯೋ ಅರಕೆನೂ ಓಡಿ ಮುಗ್ಸ್ತೀರಾ. ಅದೂ ಒಂದ್ ತರ ಒಳ್ಳೇದೆ ಬುಡು."

ನಂಜನಗೂಡಿನ ಸುತ್ತ ಹರಕೆ ಹೊತ್ತವರಿಗೆ ಬರವಿಲ್ಲ. ಮುಡಿ ಕೊಡುವವರು, ಉರುಳುಸೇವೆಯವರು, ಹಳ್ಳಿಯಿಂದ ಬರಿಗಾಲಲ್ಲಿ ನಡೆದು ಬರುವವರು. ಪುಟ್ಟತಾಯಮ್ಮನ ಪಟ್ಟಿಯಲ್ಲಿ ನಾನೂ ಸೇರಿದ್ದೆ. ಇಲ್ಲ ತಾಯಿ, ಇದು ಹರಕೆಯಲ್ಲ ಎಂದು ಆಗಲೇ ಹೇಳಬೇಕಿತ್ತು. ಆದರೆ ಬಾಯಿ ತುಂಬ ಮಜ್ಜಿಗೆಯಿತ್ತು. ನುಂಗುವಷ್ಟರಲ್ಲಿ ಹೊತ್ತು ಮೀರಿತು. "ಏನ್ ಅರಕೆ ಅಂತ ನಾ ಕೇಳಾಕಿಲ್ಲ ಕಣವ್ವ. ಯೋಳುದ್ರೆ ಫಲ ಓಯ್ತದೆ" ಎಂದು ಅವರೇ ಆ ಬಾಗಿಲನ್ನೂ ಮುಚ್ಚಿಬಿಟ್ಟರು. ಮರುದಿನ ಮತ್ತೆ ಮಜ್ಜಿಗೆ. ಹೀಗೆ ನಾನು ತಿಂಗಳುಗಟ್ಟಲೆ ದೇವರ ಹೆಸರಿನ ಮಜ್ಜಿಗೆ ಕುಡಿದೆ. ಶಾಲೆಯಲ್ಲಿ ಕಾಪಿ ಹೊಡೆದ ಮಕ್ಕಳಿಗೆ ಬುದ್ಧಿ ಹೇಳುವಾಗ ಆ ದಿನಗಳಲ್ಲಿ ನನ್ನ ದನಿ ಸ್ವಲ್ಪ ತಗ್ಗಿರುತ್ತಿತ್ತು.

ಎಲ್ಲಿಗಂಟ ಓಡುತ್ತೀಯ ಎಂದು ಒಂದು ದಿನ ಕೇಳಿದರು. ಕೊನೆಗೆ ನರಸೀಪುರದಲ್ಲಿ ಮುಗಿಸುವುದು ಅಂದೆ. ಅದು ನಿಜವೇ, ಪಂದ್ಯದ ಕೊನೆಯ ಗೆರೆ ಇದ್ದದ್ದು ಅಲ್ಲೇ. ಅವರು ಲೋಟ ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು.

"ನನ್ ಮಗ್ಳು ಅಲ್ಲೇ ಅವ್ಳೆ" ಅಂದರು.

ಮಗಳ ಕಥೆ ಹೊರಬರಲು ಇನ್ನೂ ಒಂದು ವಾರ ಹಿಡಿಯಿತು. ಒಬ್ಬಳೇ ಮಗಳು, ಮಾದೇವಿ. ಅವಳಿಗೆ ಗಂಡುಮಗುವಾಯಿತು. ಮನೆದೇವರು ಮಾದಪ್ಪನ ಹೆಸರು ಇಡುತ್ತಾರೆಂದು ಅಜ್ಜಿ ಕಾದಿದ್ದರೆ, ಮಗಳು ಅಳಿಯ ಮೊಬೈಲಿನಲ್ಲಿ ಹುಡುಕಿ ಇನ್ನೇನೋ ಹೆಸರಿಟ್ಟರು. "ನನ್ ಬಾಯ್ಗೇ ಬರಾಕಿಲ್ಲ ಕಣವ್ವ ಆ ಎಸ್ರು. ನಂಟ್ರೆಲ್ಲ ಕುಂತವ್ರೆ, ಎಲೆ ಆಕವ್ರೆ, ಪಾಯಸ ಬಡ್ಸವ್ರೆ. ನಾನು ಎಲೆ ಮುಂದಿಂದ ಎದ್ದು ಬಂದ್ಬುಟ್ಟೆ."

ಬಡಿಸಿದ ಎಲೆಯ ಮುಂದಿನಿಂದ ಏಳುವುದೆಂದರೆ ನಮ್ಮಲ್ಲಿ ಏನೆಂದು ನಿಮಗೆ ಗೊತ್ತಲ್ಲ. ಬೈದರೆ ಮರೆಯುತ್ತಾರೆ, ಹೊಡೆದರೂ ಮರೆಯುತ್ತಾರೆ, ಉಣ್ಣದೆ ಎದ್ದದ್ದನ್ನು ಮರೆಯುವುದಿಲ್ಲ. ಎರಡು ವರ್ಷವಾಗಿತ್ತು. ಮಗಳು ಫೋನು ಎತ್ತುತ್ತಿರಲಿಲ್ಲ, ಇವರು ಹೋಗುತ್ತಿರಲಿಲ್ಲ.

"ನಂದೇ ತಪ್ಪು. ಆದ್ರೆ ಓಗಿ ಬಾಗ್ಲಲ್ಲಿ ನಿಂತ್ಕಂಡಾಗ ಅವ್ಳು ಮೊಕ ತಿರುಗಿಸ್ಬುಟ್ರೆ? ಈ ಮಂಡಿ ಇಟ್ಕಂಡು ಉಳ್ಳುಸೇವೆನಾದ್ರೂ ಮಾಡಾಕಾಯ್ತದಾ? ನಿನ್ ಅರಕೆ ಜೊತ್ಗೆ ನಂದೂ ಒಂದ್ ಸೇರ್ಸ್ಕಳವ್ವ. ನರಸೀಪುರ ಮುಟ್ದಾಗ ಒಂದ್ ಮಾತು ಅನ್ಕ, ಅವ್ಳು ನನ್ ಮೊಕ ನೋಡ್ಲಿ ಅಂತ."

ಆಯ್ತು ಅಂದೆ. ನನ್ನ ಜಾಗದಲ್ಲಿದ್ದರೆ ನೀವು ಏನನ್ನುತ್ತಿದ್ದಿರಿ, ಹೇಳಿ.

ಓಟ ಭಾನುವಾರ. ಶನಿವಾರ ನಂಜನಗೂಡಿನಲ್ಲಿ ಒಳ್ಳೆಯ ಬಿಸಿಲು. ಆದರೆ ನಮ್ಮ ಹೊಳೆಗೂ ನಮ್ಮ ಬಿಸಿಲಿಗೂ ಸಂಬಂಧವಿಲ್ಲ. ವಯನಾಡಿನಲ್ಲಿ ಮಳೆ ಹೊಡೆದರೆ ಇಲ್ಲಿ ಬಟ್ಟೆ ಒಣಗುತ್ತಿರುವಾಗಲೇ ಕಪಿಲೆ ಮೇಲೇರುತ್ತಾಳೆ. ಹೊಳೆದಡದ ಹದಿನಾರು ಕಾಲು ಮಂಟಪ ಎಷ್ಟು ಮುಳುಗಿದೆ ಎಂದು ಮಧ್ಯಾಹ್ನದಿಂದಲೇ ಜನ ಸೇತುವೆಯ ಮೇಲೆ ನಿಂತು ಒಬ್ಬರಿಗೊಬ್ಬರು ವರದಿ ಕೊಡುತ್ತಿದ್ದರು. ನಾನು ಕಿವಿ ಮುಚ್ಚಿಕೊಂಡು ಮನೆಯಲ್ಲಿ ಶಕ್ತಿಗೆಂದು ಒಂದು ಮುದ್ದೆ ಜಾಸ್ತಿ ಉಂಡು, ಟೀ ಶರ್ಟಿಗೆ ನಂಬರಿನ ಚೀಟಿಯನ್ನು ನಾಲ್ಕು ಪಿನ್ನು ಹಾಕಿ ಸೊಟ್ಟವಾಗದಂತೆ ಚುಚ್ಚುತ್ತಿದ್ದೆ. ಮೂರನೇ ಪಿನ್ನಿಗೆ ಮೊಬೈಲು ಗುಂಯ್ ಅಂದಿತು. ಹೊಳೆ ಬಂದು ಓಟದ ದಾರಿ ಎರಡು ಕಡೆ ನೀರಿನಲ್ಲಿದೆ, ಓಟ ರದ್ದಾಗಿದೆ. ಮುಂದೂಡಿಲ್ಲ, ರದ್ದು. ಕೆಳಗೆ ಕೈಮುಗಿದ ಎರಡು ಚಿತ್ರ.

ನಾಲ್ಕನೇ ಪಿನ್ನನ್ನೂ ಚುಚ್ಚಿದೆ. ಯಾಕೆಂದು ಗೊತ್ತಿಲ್ಲ. ಆಮೇಲೆ ಬಚ್ಚಲುಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ. ತುಂಬ ದುಃಖವಾಯಿತು, ಸುಳ್ಳೇಕೆ ಹೇಳಲಿ. ಹೊಳೆ ಬದಿಯ ಬೀದಿಯವರು ಪಾತ್ರೆಪಗಡ ಹೊತ್ತು ಕಲ್ಯಾಣ ಮಂಟಪಕ್ಕೆ ಹೋಗುತ್ತಿರುವಾಗ, ಬೆಚ್ಚಗಿನ ಮನೆಯಲ್ಲಿ ಐವತ್ತೊಂದರ ಹೆಂಗಸೊಬ್ಬಳು ಓಟ ನಿಂತಿತೆಂದು ಅಳುವುದು ನಾಚಿಕೆಗೇಡು. ಆ ನಾಚಿಕೆಯೂ ಸೇರಿ ಅಳು ಇನ್ನಷ್ಟು ಬಂತು.

ಸಮಾಧಾನ ಹೇಳುವವರು ಸಾಲುಗಟ್ಟಿದರು. ಕಾರ್ಖಾನೆಯ ಶಿಫ್ಟು ಮುಗಿಸಿ ಬಂದ ಯಜಮಾನರು, "ಹೋಗ್ಲಿ ಬಿಡು ಕಣೆ, ಮಂಡಿ ಉಳೀತು" ಅಂದು ಮಸಾಲೆದೋಸೆ ಕಟ್ಟಿಸಿಕೊಂಡು ಬಂದರು. ಶಾಲೆಯಲ್ಲಿ ಕನ್ನಡ ಮೇಷ್ಟ್ರು ಆಗಿದ್ದೆಲ್ಲ ಒಳ್ಳೇದಕ್ಕೇ ಅಂದರು. ಸಮಾಧಾನ ಹೇಳಿದವರಿಗೆ ಆಗುವ ಸಮಾಧಾನ ಹೇಳಿಸಿಕೊಂಡವರಿಗೆ ಆಗುವುದಿಲ್ಲ ಎಂಬುದು ನನಗೆ ಏಳನೇ ಕ್ಲಾಸಿನಲ್ಲೇ ಗೊತ್ತಾಗಿತ್ತು.

ಆ ವರ್ಷ ಶಾಲೆಯಿಂದ ತಲಕಾಡಿಗೆ ಪ್ರವಾಸವೆಂದಿತ್ತು. ಅಲ್ಲಿನ ಮರಳಿನ ಗುಡ್ಡದಿಂದ ಜಾರಬಹುದಂತೆ ಎಂದು ತಿಂಗಳಿಂದ ಕನಸು. ಅಮ್ಮ ಬೆಳಗಿನ ಜಾವವೇ ಎದ್ದು ಪುಳಿಯೋಗರೆ ಕಲಸಿದ್ದಳು. ಬಸ್ಸು ಕೆಟ್ಟು ಪ್ರವಾಸ ನಿಂತಿತು. ಮುಖ ಊದಿಸಿಕೊಂಡು ಮನೆಗೆ ಬಂದೆ. ಅಪ್ಪನಿಗೆ ಕರುಳು ಚುರಕ್ಕೆಂದಿರಬೇಕು. ಪಕ್ಕದ ಮನೆ ಕಟ್ಟಿಸಲೆಂದು ಬೀದಿಯಲ್ಲಿ ಸುರಿದಿದ್ದ ಮರಳಿನ ರಾಶಿಯ ಮೇಲೆ ಜಮಖಾನ ಹಾಸಿ, ಎಲ್ಲರನ್ನೂ ಕೂರಿಸಿ, "ನೋಡು, ಇದೇ ತಲಕಾಡು!" ಅಂದರು. ತಮ್ಮ ಜಾರಿದ, ಅಜ್ಜಿ ಕೂಡ ಒಂದು ಸಲ ಜಾರಿದಳು. ನಾನು ಪುಳಿಯೋಗರೆ ತಟ್ಟೆ ಹಿಡಿದು ಅಳುತ್ತ ಕೂತಿದ್ದೆ. ಅಪ್ಪ ಎಷ್ಟು ಪ್ರಯತ್ನಪಟ್ಟರು ಪಾಪ. ಅವರ ಅಂದಿನ ಮುಖ ಈಗಲೂ ನೆನಪಿದೆ. ಆದರೆ ಅಂದು ಅದು ತಲಕಾಡಾಗಿರಲಿಲ್ಲ.

ವಾರದ ನಂತರ ಕೊರಿಯರ್ ಬಂತು. ಪದಕ ಮೊದಲೇ ಮಾಡಿಸಿಟ್ಟಿದ್ದರಂತೆ, ಹಾಳಾಗಬಾರದೆಂದು ಹೆಸರು ಕೊಟ್ಟವರಿಗೆಲ್ಲ ಕಳಿಸಿದ್ದರು. ಒಳ್ಳೆಯ ಹುಡುಗರು, ಅವರ ಬೇಸರ ನನ್ನದಕ್ಕಿಂತ ದೊಡ್ಡದಿದ್ದೀತು. ನನ್ನ ತಪ್ಪೆಂದರೆ ಅದನ್ನು ಶಾಲೆಯಲ್ಲಿ ತೋರಿಸಿ ನಗಾಡಿದ್ದು. ನಮ್ಮ ಹೆಡ್‌ಮಾಸ್ಟರು ಅಕ್ಷರ ಮಾತ್ರ ಓದುವವರು. ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ ನನ್ನನ್ನು ಮುಂದೆ ಕರೆದು ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟು, ಇಪ್ಪತ್ತೊಂದು ಕಿಲೋಮೀಟರ್ ಓಡಿ ಶಾಲೆಗೆ ಕೀರ್ತಿ ತಂದರೆಂದು ಭಾಷಣ ಮಾಡಿದರು. ಮುನ್ನೂರು ಮಕ್ಕಳ ಚಪ್ಪಾಳೆ. ಪೇಟ ಕಣ್ಣಿನವರೆಗೆ ಇಳಿದಿದ್ದರಿಂದ ಮುಖ ಮುಚ್ಚಿಕೊಳ್ಳುವ ಕಷ್ಟ ತಪ್ಪಿತು.

ಓಡುವುದನ್ನು ಬಿಟ್ಟೆ. ಬೂಟು ನೋಡಿದರೆ ಕೋಪ ಬರುತ್ತಿತ್ತು. ಐದೂವರೆಗೆ ಎಚ್ಚರವಾಗುತ್ತಿತ್ತು, ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ಪುಟ್ಟತಾಯಮ್ಮನಿಗೆ ಹೇಳಿ ಬರಬೇಕಿತ್ತು. ಏನೆಂದು ಹೇಳಲಿ ಎಂದು ಮುಂದೂಡುತ್ತಲೇ ಹೋದೆ.

ಹೀಗೇ ಹನ್ನೆರಡು ದಿನ ಕಳೆದಿರಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಯ ಗೇಟಿನಲ್ಲಿ ಅವರೇ ನಿಂತಿದ್ದರು. ಬಸ್ ಸ್ಟ್ಯಾಂಡಿನಲ್ಲಿಳಿದು, "ಓಡೋ ಟೀಚರಮ್ಮ ಯಾರಪ್ಪ?" ಎಂದು ಕೇಳುತ್ತ ಬಂದರಂತೆ. ದಾರಿ ತೋರಿಸದವರು ಯಾರೂ ಇರಲಿಲ್ಲವಂತೆ. ಬೇವಿನಮರದ ಕಟ್ಟೆಯ ಮೇಲೆ ಕೂರಿಸಿದೆ. ಅವರು ಮಂಡಿ ಒತ್ತಿಕೊಳ್ಳುತ್ತ ಕೇಳಿದರು:

"ಮನೇಲಿ ಎಲ್ಲಾ ಚೆಂದಾಗವ್ರಾ?"

"ಚೆನ್ನಾಗಿದ್ದಾರೆ."

"ಮತ್ತೆ ಅರಕೆ ಮುರ್ದೋಯ್ತಾ?" ನಾನು ಬಾಯಿ ತೆರೆಯುವ ಮೊದಲೇ ದನಿ ತಗ್ಗಿಸಿ ಅಂದರು: "ನಂದೂ ಸೇರ್ಸ್ದೆ ಅಂತ ನಿಂದೂ ಕೆಟ್ಟೋಯ್ತಾ ಕಣವ್ವ? ಎಲೆ ಮುಂದಿಂದ ಎದ್ದವ್ಳ ಪಾಪ ನಿಂಗೂ ತಾಕ್ತಾ? ಅದ್ ಕೇಳ್ಬೇಕು ಅಂತ್ಲೇ ಬಂದೆ."

ನಾನು ಮುನಿಸಿಕೊಂಡು ಮಗ್ಗುಲು ಬದಲಿಸಿದ ಒಂದೊಂದು ಬೆಳಗ್ಗೆಯೂ ಈ ಹೆಂಗಸು ಅದು ತನ್ನ ಪಾಪ ಎಂದುಕೊಂಡು ರಸ್ತೆ ನೋಡಿದ್ದರು. ಎಲ್ಲ ಹೇಳಿಬಿಟ್ಟೆ. ಹರಕೆಯೇ ಇರಲಿಲ್ಲ, ಅದೊಂದು ಪಂದ್ಯ, ಹೊಳೆ ಬಂದು ನಿಂತಿತು, ಮೊದಲ ದಿನವೇ ಹೇಳದಿದ್ದದ್ದು ನನ್ನ ತಪ್ಪು. ಬೈಯುತ್ತಾರೆಂದು ತಲೆ ತಗ್ಗಿಸಿ ಕೂತೆ. ಅವರು ಮಂಡಿ ಒತ್ತುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಅಂಗಾರೆ ಎಂಟು ತಿಂಗ್ಳು ದೇವರ್ತಾವ ಏನೂ ಕೇಳ್ದೆ ಓಡ್ದಾ?"

"ಏನೂ ಕೇಳಲಿಲ್ಲ."

"ಏನೂ?"

"ಕೊನೇಲಿ ಒಂದು ಪದಕ ಕೊಡ್ತಾರೆ…"

"ಕೊಡ್ನಿಲ್ವಾ?"

"ಕೊಟ್ಟರು. ಮನೆಗೇ ಕಳಿಸಿದರು."

"ಮತ್ಯಾಕವ್ವ ಮೊಕ ಇಂಗ್ ಮಾಡ್ಕಂಡಿದ್ದೀ?"

"ಓಡೋಕೆ ಆಗಲಿಲ್ಲವಲ್ಲ."

"ಓಡಾಕೇನು? ಒಳೆ ಇಳ್ದದೆ, ರಸ್ತೆ ಅಲ್ಲೇ ಬಿದ್ದದೆ" ಅಂದರು ಪುಟ್ಟತಾಯಮ್ಮ.

ಸಮಯಕ್ಕೆ ಸರಿಯಾಗಿ ಮಾತು ಹೊಳೆಯುವ ಜಾತಿಯವಳಲ್ಲ ನಾನು. ಜಗಳದ ಉತ್ತರಗಳೆಲ್ಲ ನನಗೆ ಹೊಳೆಯುವುದು ಮರುದಿನ ಪಾತ್ರೆ ತೊಳೆಯುವಾಗ. ಅವತ್ತು ಮಾತ್ರ ಹೇಗೋ ಬಾಯಿಗೆ ಬಂತು: "ನಿಮ್ಮ ಮಗಳ ಮನೆಯೂ ಅಲ್ಲೇ ಇದೆಯಲ್ಲ. ಇಬ್ಬರೂ ಹೋಗೋಣ." ಅವರು ಮಂಡಿ ತೋರಿಸಿದರು. ನಮ್ಮ ಯಜಮಾನರ ಸ್ಕೂಟರ್ ಇದೆ ಅಂದೆ.

ಮುಂದಿನ ಭಾನುವಾರ ಬೆಳಗ್ಗೆ ಆರಕ್ಕೆ ಹೊಂಗೆ ಮರದ ಕೆಳಗೆ ನಿಂತು ಕೈಗಡಿಯಾರದ ಗುಂಡಿ ಒತ್ತಿದೆ. ಅಲ್ಲಿಂದ ನರಸೀಪುರದ ಮಗಳ ಮನೆಗೆ ಹತ್ತಿರ ಹತ್ತಿರ ಇಪ್ಪತ್ತೊಂದು ಕಿಲೋಮೀಟರೇ. ಹಿಂದೆ ಸ್ಕೂಟರಿನಲ್ಲಿ ಯಜಮಾನರು, ಅವರ ಹಿಂದೆ ಕಜ್ಜಾಯದ ಡಬ್ಬಿ ಮಡಿಲಲ್ಲಿಟ್ಟುಕೊಂಡ ಪುಟ್ಟತಾಯಮ್ಮ. ನನ್ನ ಓಟದ ವೇಗಕ್ಕೆ ಸ್ಕೂಟರ್ ಓಡಿಸಲಾಗದೆ ಅದು ಮತ್ತೆ ಮತ್ತೆ ಆಫ್ ಆಗುತ್ತಿತ್ತು. "ಸ್ವಲ್ಪ ಜೋರಾಗಿ ಓಡೇ, ಗಾಡಿ ಬಿಸಿಯಾಗ್ತಿದೆ" ಎಂದು ಅವರು, "ಆಯ್ತು ಕಣವ್ವ, ಇನ್ನೇನ್ ಬಂದ್ಬುಡ್ತು" ಎಂದು ಇವರು. ಮೂರನೇ ಕಿಲೋಮೀಟರಿನಿಂದಲೇ ಬಂದ್ಬುಡ್ತು ಅನ್ನುತ್ತಿದ್ದರು. ದಾರಿಯ ಹಳ್ಳಿಯೊಂದರಲ್ಲಿ ಹಾಲಿನ ಕ್ಯಾನು ಹಿಡಿದು ನಿಂತಿದ್ದವನೊಬ್ಬ, "ಯಾರ್ದವ್ವ ಅರಕೆ?" ಎಂದು ಕೂಗಿದ. ನಾನು ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ. ಸ್ಕೂಟರ್ ಮೇಲಿಂದ ಗಟ್ಟಿಯಾಗಿ ಬಂತು: "ನಂದು ಕಣಪ್ಪ!"

ಹದಿನೇಳನೇ ಕಿಲೋಮೀಟರಿಗೆ ಕಾಲು ನನ್ನವಾಗಿರಲಿಲ್ಲ. ದೇವರಲ್ಲಿ ಏನನ್ನಾದರೂ ಕೇಳುವ ರೂಢಿ ನನಗಿಲ್ಲ. ಆದರೂ ಅಲ್ಲಿಂದ ಮುಂದೆ ಹೆಜ್ಜೆಗೊಮ್ಮೆ, ಅವಳು ಇವರ ಮುಖ ನೋಡಲಿ, ಮುಖ ನೋಡಲಿ ಎಂದುಕೊಂಡೇ ಓಡಿದೆ. ಭಕ್ತಿಯೋ ಸುಸ್ತೋ ಗೊತ್ತಿಲ್ಲ.

ಮಗಳ ಬೀದಿಯ ತಿರುವಿನಲ್ಲಿ ಪುಟ್ಟತಾಯಮ್ಮ ಸ್ಕೂಟರ್ ನಿಲ್ಲಿಸಲು ಹೇಳಿದರು. "ನಾ ಬರಾಕಿಲ್ಲ. ಈ ಡಬ್ಬಿ ಕೊಟ್ಬುಟ್ಟು ಬಂದ್ಬುಡಿ" ಎಂದು ಕೂತಲ್ಲೇ ಕೂತರು. ವಾದ ಮಾಡಲು ನನ್ನಲ್ಲಿ ಉಸಿರಿರಲಿಲ್ಲ. ಅವರು ತೋರಿಸಿದ ಮನೆಯವರೆಗೆ ಹೋಗಿ ಜಗಲಿಯ ಕಂಬ ಹಿಡಿದು ಕುಸಿದು, ನೀರು ಅಂದೆ. ಎರಡು ವರ್ಷದ ಮಗುವನ್ನು ಸೊಂಟದಲ್ಲಿಟ್ಟುಕೊಂಡ ಹುಡುಗಿ ಚೊಂಬು ಹಿಡಿದು ಓಡಿಬಂದಳು. ಅಪರಿಚಿತ ಹೆಂಗಸೊಬ್ಬಳು ಬಾಗಿಲಲ್ಲಿ ಬೆವರಿ ಬಿದ್ದಿದ್ದಾಳೆ, ಪಾಪ, ಅವಳಿಗಾದರೂ ಏನು ತಿಳಿಯಬೇಕು. ನಾನು ತಿರುವಿನ ಕಡೆ ಬೆರಳು ತೋರಿಸಿದೆ. ಅವಳು ನೋಡಿದಳು. ಚೊಂಬು ನನ್ನ ಕೈಗೂ ಕೊಡದೆ, ಕೆಳಗೂ ಇಡದೆ ಹಾಗೇ ನಿಂತಳು. ಕೊನೆಗೆ ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ಸ್ಕೂಟ್ರು ಮ್ಯಾಲೆ ಯಾಕೆ ದೇವ್ರಂಗೆ ಕುಂತಿದ್ದೀಯವ್ವ? ಇಳ್ದು ಒಳಕ್ ಬಾ!"

ಆಮೇಲಿನದ್ದು ಸಿನಿಮಾದ ಹಾಗೆ ಆಯಿತೆಂದುಕೊಳ್ಳಬೇಡಿ. ಮೊದಲ ಒಂದು ಗಂಟೆ ಬರೀ ಜಗಳ. ಎರಡು ವರ್ಷದ್ದೆಲ್ಲ ಬಾಕಿಯಿತ್ತಲ್ಲ. ಯಜಮಾನರು ಮುಜುಗರವಾಗಿ ಸ್ಕೂಟರ್ ಒರೆಸುತ್ತ ಹೊರಗೆ ನಿಂತರು. ನಾನು ಚಾಪೆಯ ಮೇಲೆ ಕಾಲು ಗೋಡೆಗೆ ಚಾಚಿ ಮಲಗಿ, ಬೈಗುಳ ಕೇಳುತ್ತಲೇ ನಿದ್ದೆ ಹೋದೆ. ಎಚ್ಚರವಾದಾಗ ಒಳಗೆ ಇಬ್ಬರೂ ಬೆಳ್ಳುಳ್ಳಿ ಬಿಡಿಸುತ್ತ ಯಾರದೋ ಮದುವೆಯ ವಿಷಯ ಮಾತಾಡುತ್ತಿದ್ದರು. ಮಗು ಅಜ್ಜಿಯ ಮಡಿಲಲ್ಲಿತ್ತು. ಆಗ ಕೈ ನೋಡಿಕೊಂಡೆ. ಗಡಿಯಾರವನ್ನು ನಿಲ್ಲಿಸಲು ಮರೆತಿದ್ದೆ, ಅದು ಇನ್ನೂ ಓಡುತ್ತಲೇ ಇತ್ತು. ಗುಂಡಿ ಒತ್ತಿದೆ. ಏಳು ಗಂಟೆ ಹನ್ನೆರಡು ನಿಮಿಷ.

ನಾನು ನರಸೀಪುರಕ್ಕೆ ಓಡಿದ್ದು ತಿಳಿದ ಓಟದ ಗುಂಪಿನ ಹುಡುಗರು ಈಗಲೂ ಸಿಕ್ಕಾಗ, "ನಿಮ್ಮ ಟೈಮಿಂಗ್ ಎಷ್ಟು ಮೇಡಂ?" ಎಂದು ಕೇಳುತ್ತಾರೆ. ಏಳು ಗಂಟೆ ಹನ್ನೆರಡು ನಿಮಿಷ ಎನ್ನುತ್ತೇನೆ. ಅವರಿಗೆ ನಗು ತಡೆಯಲಾಗುವುದಿಲ್ಲ. ಅದರಲ್ಲಿ ನಾಲ್ಕು ಗಂಟೆ ತಾಯಿ ಮಗಳು ಮಾತಾಡಿದ್ದು ಎಂದು ನಾನು ಬಿಡಿಸಿ ಹೇಳಲು ಹೋಗುವುದಿಲ್ಲ.